ದೇವಕಮ್ಮ ಹಂಚಿದ ಜೋಡಿ

ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ಜನ ಹೇಳುತ್ತಾರೆ. ನಮ್ಮ ಪರಿಮಳಾ ಟೀಚರ ಸಿಟ್ಟಿಗೆ ಮೂಗಿನವರೆಗೂ ಹೋಗುವ ತಾಳ್ಮೆಯಿಲ್ಲ, ನಾಲಿಗೆಯ ಮೇಲೇ ಕೂತಿರುತ್ತದೆ. ಚಳಿ ಇನ್ನೂ ಬಿಟ್ಟಿರದ ಒಂದು ಬೆಳಿಗ್ಗೆ ನಾನು ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಹುಣಸಗಿ ಬಸ್ಸಿಗೆ ಕಾಯುತ್ತಿದ್ದಾಗ ಅವರ ಫೋನು ಬಂತು. ನನ್ನ ಹೆಸರು ಮಿತ್ರಾ, ಹುಣಸಗಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ಹೋಗುತ್ತ ಬರುತ್ತ ಸುರಪುರ ದಾಟುವುದು ನನ್ನ ದಿನದ ಹಾಡು.

"ಮಿತ್ರಾ, ಮಶೀನ್ ಚಾಲೂ ಆಗವಲ್ದು. ಬೀಪ್ ಬೀಪ್ ಅಂತ ಒದರಾಕತ್ತದ."

ಮಶೀನ್ ಎಂದರೆ ಯಾವುದೆಂದು ಕೇಳುವ ಅಗತ್ಯವಿರಲಿಲ್ಲ. ಅವರ ಮನೆಯಲ್ಲಿ ಮಿಕ್ಸರು, ಫ್ರಿಜ್ಜು ಎಲ್ಲಕ್ಕೂ ಅದರದರ ಹೆಸರಿದೆ. ಮಶೀನ್ ಎನ್ನುವುದು ಹಳೆಯ ಡ್ಯುಯಲ್ ಕೋರ್ ಕಂಪ್ಯೂಟರಿಗೆ ಮಾತ್ರ.

"ರಬ್ಬರ್ ಹಚ್ಚಿ ನೋಡಿದ್ರೇನ್ರಿ ಟೀಚರ್?"

"ನನಗೇ ಕಲಸ್ತಿಯೇನು? ಹಚ್ಚೀನಿ. ರ‍್ಯಾಮ್ ಸತ್ತದ. ಎಲ್ಲ್ಯಾರ ಒಂದು ಹುಡುಕಿ ತಾ."

ಕೇಳಬಾರದ್ದನ್ನು ಕೇಳಿದ್ದೆ. ಅವರು ನಮಗೆ ಕಲಿಸಿದ ಮೊದಲ ಪಾಠವೇ ಅದು: ಬೀಪ್ ಬಂದರೆ ಹೆದರಬೇಡಿ, ಸಿಪಿಯು ಡಬ್ಬಿ ಬಿಚ್ಚಿ ರ‍್ಯಾಮ್ ತೆಗೆಯಿರಿ, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿ. ರ‍್ಯಾಮ್ ಎಂದರೆ ಗೇಣಿಗಿಂತ ಚಿಕ್ಕದಾದ ಹಸಿರು ಪಟ್ಟಿ. ಯಂತ್ರ ಸದ್ಯಕ್ಕೆ ಮಾಡುತ್ತಿರುವ ಕೆಲಸವನ್ನೆಲ್ಲ ಇಟ್ಟುಕೊಳ್ಳುವ ಜಾಗ. ಉಜ್ಜಿಯೂ ಏಳಲಿಲ್ಲವೆಂದರೆ ಸತ್ತಿತೆಂದೇ ಅರ್ಥ.

ಫೋನು ಇಡುತ್ತಾರೆ ಅಂದುಕೊಂಡೆ. ಇಡಲಿಲ್ಲ.

"ಆಕಿ ಹೈದರಾಬಾದಿಗಿ ಹೊಂಟಾಳಂತ. ಖರೇನಾ?"

"ಹೌದ್ರಿ. ಇನ್ನ ಮಗಳ ಹತ್ರಾನೇ ಇರ್ತಾರಂತ. ರವಿವಾರ ಲಾರಿ ಬರ್ತದ."

"ಹೋಗ್ಲಿ ಬಿಡು. ನನಗೇನು? ಸುಮ್ಮ ಕೇಳಿದೆ."

ಆಕೆ ಎಂದರೆ ಅಂಜುಮ್ ಟೀಚರ್. ಹದಿನಾಲ್ಕು ವರ್ಷ ಒಬ್ಬರ ಹೆಸರು ಒಬ್ಬರು ಎತ್ತದೆ, 'ಆಕಿ' 'ಆಕಿ' ಎನ್ನುತ್ತ ಕಳೆದ ಗೆಳತಿಯರು ಇವರು. ಲಾರಿ ಹೊರಡುವ ಮುಂಚೆ ಒಮ್ಮೆ ಅಂಜುಮಳನ್ನು ಕಾಣಬೇಕೆಂಬ ಆಸೆ ಪರಿಮಳಾ ಟೀಚರ ಗಂಟಲಲ್ಲಿ ಬಿಸಿ ತುಪ್ಪದ ಹಾಗೆ ಸಿಕ್ಕಿಕೊಂಡಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇದು ನನಗೆ ಆ ಫೋನಿನಲ್ಲೇ ತಿಳಿಯಿತು. ರವಿವಾರ ದಾಟಿದರೆ ಇನ್ನು ಈ ಜನ್ಮದಲ್ಲಿ ಇಲ್ಲ ಎನ್ನುವುದು ಅವರಿಗೂ ಗೊತ್ತಿತ್ತು.

ಎರಡು ಸಾವಿರದ ಎಂಟರ ಸುಮಾರಿನ ಮಾತು. ಶಹಾಪುರದ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದೇವಕಮ್ಮ ಎಂಬ ಮುದುಕಿಯ ಮನೆಯಿತ್ತು. ಅಂಗಳದಲ್ಲಿ ಒಂದು ಜೋಡಿ ಎತ್ತು, ಪಕ್ಕದಲ್ಲಿ ಜೋಳದ ಕಣಿಕೆಯ ಬಣವೆ. ಓಣಿಯವರೆಲ್ಲ ಅವಳಿಗೆ ಆಯಿ ಎನ್ನುತ್ತಿದ್ದೆವು. ಆ ಮನೆಯ ಮುಂದಿನ ಖೋಲಿ ಹಿಡಿದು ಪರಿಮಳಾ, ಅಂಜುಮ್ ಇಬ್ಬರೂ ಸೇರಿ ಹೆಣ್ಣುಮಕ್ಕಳಿಗಾಗಿ ಕಂಪ್ಯೂಟರ್ ಕ್ಲಾಸು ತೆರೆದರು. ಕಾಲೇಜಿನಲ್ಲಿ ಇಬ್ಬರದೂ ಒಂದೇ ಬೆಂಚು. ಅಂಜುಮ್ ಟೀಚರ್ ಸುರಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಅವರು ಇಳಿಯುವ ಹೊತ್ತಿಗೆ ಪರಿಮಳಾ ಟೀಚರ್ ಬಾಗಿಲಲ್ಲಿ ನಿಂತು "ಇವತ್ತೂ ತಡ!" ಎಂದು ಬೈಯದಿದ್ದರೆ ಕ್ಲಾಸು ಶುರುವಾದಂತೆ ಅನಿಸುತ್ತಿರಲಿಲ್ಲ.

ಮಶೀನ್ ತಂದದ್ದು ಯಾದಗಿರಿಯಿಂದ. ಅಂಗಡಿಯವನು ಡಬ್ಬಿ ತಟ್ಟಿ ಹೇಳಿದನಂತೆ: "ಇದು ಡ್ಯುಯಲ್ ಕೋರ್ ಅಕ್ಕಾ. ಒಳಗ ಎರಡು ತಲಿ ಅದಾವ, ಎರಡು ಕೆಲಸ ಒಮ್ಮಿಗೇ ಮಾಡ್ತದ." ಗೆಳತಿಯರು ಮುಖ ಮುಖ ನೋಡಿಕೊಂಡರು. ಎರಡು ತಲೆ ಎಂದಮೇಲೆ ಇಬ್ಬರು ಹುಡುಗಿಯರು ಒಟ್ಟಿಗೆ ಕಲಿಯಬಹುದಲ್ಲ! ಒಂದರ ದುಡ್ಡಿಗೆ ಎರಡು ಕಂಪ್ಯೂಟರ್ ಬಂದ ಹಾಗಾಯಿತಲ್ಲ! ಜಾಣೆಯರು ಅಲ್ಲೇ ಎರಡನೆಯ ಕೀಬೋರ್ಡೂ ಕೊಂಡರು.

ಮೊದಲ ದಿನ ನನ್ನನ್ನೂ ಲಕ್ಷ್ಮಿ ಎಂಬ ಇನ್ನೊಬ್ಬ ಹುಡುಗಿಯನ್ನೂ ಅಕ್ಕಪಕ್ಕ ಕೂರಿಸಿ, ಒಂದೊಂದು ಕೀಬೋರ್ಡು ಕೊಟ್ಟು, ನಿಮ್ಮ ನಿಮ್ಮ ಹೆಸರು ಒತ್ತಿರಿ ಎಂದರು. ಇಬ್ಬರೂ ಜೋರಾಗಿ ಒತ್ತಿದೆವು. ನನ್ನ ಅಕ್ಷರಗಳೂ ಅವಳ ಅಕ್ಷರಗಳೂ ಕಲಸಿ ಹೋಗಿ ಪರದೆಯ ಮೇಲೆ ಯಾವ ಜಾತಿಗೂ ಸೇರದ ಒಂದು ಹೆಸರು ಹುಟ್ಟಿತು. ನಾನು ಬೌದ್ಧರ ಹುಡುಗಿ, ಅವಳು ದೊಡ್ಡ ಮನೆಯವಳು. ಅದನ್ನು ನೋಡಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಟೀಚರುಗಳು ನಗಲಿಲ್ಲ. ರಿಪೇರಿಯ ಬಾಷುಮಿಯಾನನ್ನು ಕರೆಸಿದರು.

"ಅಕ್ಕಾ, ಕೆಲಸ ಮಾಡೋರು ಒಳಗ ಇಬ್ಬರು ಅದಾರ, ಖರೆ," ಎಂದ ಬಾಷುಮಿಯಾ ನಗು ತಡೆಯುತ್ತ. "ಆದ್ರ ಹೇಳೋರು ಹೊರಗ ಒಬ್ಬರೇ ಇರಬೇಕು."

ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ ದೇವಕಮ್ಮ ಆಯಿ ಕತ್ತೆತ್ತಿದಳು. "ಅಂದ್ರ ಒಂದು ನೊಗಕ್ಕ ಎರಡು ಎತ್ತು ಅನ್ನು."

"ಹೌದು ಆಯಿ, ಹಂಗೇ!" ಅಂಜುಮ್ ಟೀಚರಿಗೆ ಖುಷಿಯೋ ಖುಷಿ.

"ಮತ್ತ ಮೇವು?"

ಅಂಜುಮ್ ಟೀಚರ್ ಡಬ್ಬಿಯೊಳಗಿನ ಎರಡು ಹಸಿರು ಪಟ್ಟಿ ತೋರಿಸಿದರು. "ಇದೇ ಗ್ವಾದಲಿ. ಕೆಲಸ ಎಲ್ಲಾ ಇದರಾಗ ತಂದು ಹಾಕ್ತದ. ಎತ್ತು ಇಲ್ಲಿಂದ್ಲೇ ತಿಂತಾವ. ಗ್ವಾದಲಿ ಸಣ್ಣದಾದ್ರ ಎತ್ತು ಎಷ್ಟು ಗಟ್ಟಿ ಇದ್ರೇನು, ಸುಮ್ಮ ನಿಂದರ್ತಾವ. ಎರಡೂ ಪಟ್ಟಿ ಒಂದೇ ಅಳತಿದು ಇದ್ರ ಜಲ್ದಿ ನಡೀತದ."

ಆಯಿ ತಲೆದೂಗಿದಳು. ಆದರೆ ಕೋರ್ ಕಣ್ಣಿಗೆ ಕಾಣುವ ವಸ್ತುವಲ್ಲ, ಫ್ಯಾನಿನ ಕೆಳಗೆ ಮುಚ್ಚಿಕೊಂಡಿರುತ್ತದೆ. ಕಣ್ಣಿಗೆ ಜೋಡಿಯಾಗಿ ಕಾಣುವವು ಆ ಎರಡು ಪಟ್ಟಿಗಳು. ಹೀಗಾಗಿ ಆಯಿಗೆ ಅವೇ ಎತ್ತುಗಳಾದವು. ಅವು ಎತ್ತಲ್ಲ, ಗ್ವಾದಲಿ ಎಂದು ತಿದ್ದಲು ಹೋಗಿ ನಾವೆಲ್ಲ ಸೋತೆವು. ಮಳೆಗಾಲದ ಆರಂಭದಲ್ಲಿ ಬರುವ ಕಾರಹುಣ್ಣಿಮೆಯ ದಿನ ಅಂಗಳದ ಎತ್ತುಗಳ ಕೊಂಬಿಗೆ ಬಣ್ಣ ಬಳಿದಾದ ಮೇಲೆ, ಅದೇ ಕೈಯಲ್ಲಿ ಒಳಗೆ ಬಂದು ಮಶೀನಿಗೂ ಅರಿಶಿನದ ಬೊಟ್ಟು ಇಡುತ್ತಿದ್ದಳು.

ಆ ದಿನಗಳಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತೋ. ಹೋದಾಗಲೆಲ್ಲ ರಟ್ಟಿನ ಮೇಲೆ ಬರೆದ ಕೀಬೋರ್ಡು ತೊಡೆಯ ಮೇಲಿಟ್ಟುಕೊಂಡು, ಅಂಗಳದಲ್ಲಿ ಸಾಲಾಗಿ ಕೂತು ಬೆರಳಾಡಿಸುತ್ತಿದ್ದೆವು. ಚಳಿಗಾಲದಲ್ಲಿ ಆಯಿಯ ಹೊಲದಿಂದ ಜೋಳದ ಹಾಲುತೆನೆ ಬರುತ್ತಿತ್ತು. ಅದನ್ನು ಕೆಂಡದಲ್ಲಿ ಸುಟ್ಟು ಬಡಿದರೆ ಸೀತನಿ. ಬಿಸಿ ಸೀತನಿಗೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಕಲಸಿ ಕೊಟ್ಟರೆ ಅಂಜುಮ್ ಟೀಚರ್ ಊರಿನ ಬಸ್ಸನ್ನೂ ಮರೆಯುತ್ತಿದ್ದರು. "ಏ ಅಂಜು, ನಿನ್ನ ಬಸ್ಸು ಹೋತು!" ಎಂದು ಪರಿಮಳಾ ಟೀಚರ್ ಕೂಗುವುದು, "ಇನ್ನೊಂದು ಬರ್ತದ ತಗೋ ಪರಿ!" ಎಂದು ಇವರು ಬಾಯ್ತುಂಬ ಜೋಳ ಇಟ್ಟುಕೊಂಡೇ ಅನ್ನುವುದು. ಅಷ್ಟು ಸುಖವಾಗಿದ್ದೆವು ಎನ್ನುವುದು ಆಗ ಯಾರಿಗೆ ಗೊತ್ತಿತ್ತು?

ಮೂರು ವರ್ಷಕ್ಕೆ ಮಶೀನ್ ನಿಧಾನವಾಯಿತು. ಅಂಜುಮ್ ಟೀಚರ ತಮ್ಮ ಅಜೀಮ ಹೈದರಾಬಾದಿನಿಂದ ಒಂದು ಹೊಸ ರ‍್ಯಾಮ್ ತಂದುಕೊಟ್ಟ. ಪರಿಮಳಾ ಟೀಚರ್ ಬರುವಷ್ಟರಲ್ಲಿ ಹಾಕಿ ಬೆರಗು ಮಾಡಬೇಕೆಂದು ಅಂಜುಮ್ ಟೀಚರ್ ಡಬ್ಬಿ ಬಿಚ್ಚಿದರು. ನಾವೆಲ್ಲ ಸುತ್ತ ನಿಂತಿದ್ದೆವು.

ರ‍್ಯಾಮಿನ ಕೆಳ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ನಮ್ಮ ಮಶೀನಿಗೆ ಬೇಕಾದ್ದು ಡಿಡಿಆರ್ ಟು, ಅಜೀಮ ತಂದದ್ದು ಡಿಡಿಆರ್ ತ್ರೀ. ಉದ್ದ, ಅಗಲ, ಬಣ್ಣ ಎಲ್ಲ ಒಂದೇ; ಕಚ್ಚಿನ ಜಾಗ ಮಾತ್ರ ಎರಡು ಜೋಳದ ಕಾಳಿನಷ್ಟು ಆಚೀಚೆ. ತಪ್ಪು ಪಟ್ಟಿ ತಪ್ಪು ಬೋರ್ಡಿನಲ್ಲಿ ಕೂರಬಾರದೆಂದೇ ಮಾಡಿದವರು ಹಾಗೆ ಮಾಡಿರುತ್ತಾರೆ. ಆದರೆ ಕಚ್ಚು ಅಷ್ಟು ಮೆಲ್ಲಗೆ ಹೇಳಿದರೆ ಉತ್ಸಾಹದಲ್ಲಿದ್ದವರಿಗೆ ಕೇಳುತ್ತದೆಯೇ? ಅಂಜುಮ್ ಟೀಚರ್ ಹಳೆಯ ಒಂದು ಪಟ್ಟಿ ತೆಗೆದು, ಆ ಜಾಗದಲ್ಲಿ ಹೊಸದನ್ನಿಟ್ಟು ಎರಡೂ ಹೆಬ್ಬೆರಳಿನಿಂದ ಒತ್ತಿದರು. ಟಕ್ ಎಂದು ಪಟ್ಟಿ ಹಿಡಿಯುವ ಅಂಚಿನ ಲಾಕು ಮುರಿದು ಹಾರಿ ನನ್ನ ಕಾಲ ಬಳಿ ಬಿತ್ತು. ಅದೇ ಹೊತ್ತಿಗೆ ಪರಿಮಳಾ ಟೀಚರ್ ಒಳಗೆ ಬಂದರು.

"ಕಣ್ಣಿಗೇನಾಗಿತ್ತು ನಿನಗ? ಕಚ್ಚು ನೋಡಬಾರ್ದೇನು? ನನ್ನ ಮಶೀನ್ ಮುರದಿ!"

ಅಂಜುಮ್ ಟೀಚರ್ ಹೊಸ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಕೇಳಿದರು: "ನಿನ್ನ ಮಶೀನ್?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪರಿಮಳಾ ಟೀಚರಿಗೆ ಆ ಮಾತನ್ನು ಹಿಂದಕ್ಕೆ ಎಳೆದುಕೊಳ್ಳಲು ಒಂದು ಗಳಿಗೆ ಸಾಕಾಗಿತ್ತು. ಆದರೆ ವಿದ್ಯಾರ್ಥಿನಿಯರ ಮುಂದೆ ಎಳೆದುಕೊಳ್ಳುವ ಜಾತಿಯಲ್ಲ ಅದು. ಮರುದಿನವೇ ಪಾಲಾಗುವ ಮಾತು ಬಂತು, ಪಾಲು ಮಾಡಿಕೊಡಲು ದೇವಕಮ್ಮ ಆಯಿ ಕೂತಳು.

ಅಣ್ಣತಮ್ಮಂದಿರ ಪಾಲು ಮಾಡಿ ಮಾಡಿ ಪಳಗಿದವಳು ಆಯಿ. ಖುರ್ಚಿ ಇವಳಿಗೆ ಎರಡು, ಅವಳಿಗೆ ಎರಡು. ಕೀಬೋರ್ಡು ಒಂದೊಂದು. ಪ್ರಿಂಟರು ಅಂಜುಮಗೆ, ಮಶೀನು ಮಾನಿಟರು ಪರಿಮಳಾಗೆ. ಮುಗಿಯಿತು ಎಂದುಕೊಂಡೆವು.

"ಡಬ್ಬಿ ಬಿಚ್ಚು," ಎಂದಳು ಆಯಿ ಬಾಷುಮಿಯಾನಿಗೆ. "ಆ ಎತ್ತು ಎರಡೂ ಒಬ್ಬಾಕಿಗೇ ಹ್ಯಾಂಗ ಕೊಡ್ಲಿ? ಒಂದು ಅಂಜುಮಗ ಕೊಡು."

"ಆಯಿ, ಅದು ಜೋಡಿ ಇದ್ರ ಛಲೋ ನಡೀತದ. ಆಕಿಗಿ ಒಂದು ತೊಗೊಂಡು ಏನೂ ಉಪಯೋಗಿಲ್ಲ."

"ಒಂದರ ಮ್ಯಾಲ ನಡೀತದೋ ಇಲ್ಲೋ?"

"ನಡೀತದ. ಕುಂಟ್ತದ."

"ಹಂಗಾರ ಕುಂಟ್ಲಿ."

ಮುದುಕಿಯ ಹುಚ್ಚು ಎಂದು ಓಣಿಯೆಲ್ಲ ನಕ್ಕಿತು. ಕಂಪ್ಯೂಟರಿನ ಹೊಟ್ಟೆ ಬಗೆದು ಪಾಲು ಮಾಡಿದ ಕತೆಯನ್ನು ನಾನೇ ಎಷ್ಟು ಜನಕ್ಕೆ ಹೇಳಿ ನಗಿಸಿದ್ದೇನೋ. ಅಂಜುಮ್ ಟೀಚರ್ ತಮ್ಮ ಪಾಲಿನ ಪಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಸುರಪುರದ ಬಸ್ಸು ಹತ್ತಿದರು. ಮತ್ತೆ ಆ ಓಣಿಗೆ ಕಾಲಿಡಲಿಲ್ಲ.

ಪರಿಮಳಾ ಟೀಚರ್ ಒಂದೇ ಪಟ್ಟಿಯ ಮೇಲೆ ಕ್ಲಾಸು ನಡೆಸಿದರು. ಇನ್ನೊಂದು ಕೊಳ್ಳಬಹುದಿತ್ತು, ಆಗೆಲ್ಲ ಸಿಗುತ್ತಿತ್ತು. ಕೊಳ್ಳಲಿಲ್ಲ. ಮೊಬೈಲು ಬಂದು ಕ್ಲಾಸು ಮುಚ್ಚಿತು. ಅವರು ಒಂದು ಶಾಲೆಗೆ ಟೀಚರಾಗಿ ಸೇರಿದರು. ಮಶೀನು ಮನೆಗೆ ಬಂತು. ಆದರೂ ದಿನಾ ಬೆಳಿಗ್ಗೆ ಅದನ್ನು ಚಾಲೂ ಮಾಡಿ, ಅದು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಚಹಾ ಕುಡಿದು ಮುಗಿಸುತ್ತಿದ್ದರು.

ಫೋನು ಬಂದ ಮರುದಿನ ಕಚೇರಿಯ ಕೆಲಸದ ಮೇಲೆ ಯಾದಗಿರಿಗೆ ಹೋಗಬೇಕಿತ್ತು. ಸ್ಟೇಷನ್ ರಸ್ತೆಯಲ್ಲಿ ಈಗ ಬಾಷುಮಿಯಾನ ಅಂಗಡಿಯಿದೆ. ಗಡ್ಡ ಬೆಳ್ಳಗಾಗಿದೆ, ನಗು ಹಾಗೇ ಇದೆ. ವಿಷಯ ಕೇಳಿ ಹಳೆಯ ಸಾಮಾನಿನ ಡಬ್ಬಿ ಸುರುವಿದ. ಸಿಕ್ಕಿದ್ದೆಲ್ಲ ಡಿಡಿಆರ್ ತ್ರೀ. ತಳದಲ್ಲಿ ಒಂದೇ ಒಂದು ಡಿಡಿಆರ್ ಟು ಸಿಕ್ಕಿತು. ನಾನು ಹಿಗ್ಗಿದೆ.

"ಹಿಗ್ಗಬ್ಯಾಡವ್ವಾ. ಕಚ್ಚು ಸರಿ ಅದ, ಕೂಡ್ತದ. ಆದ್ರ ಇದು ಬ್ಯಾರೆ ಜಾತಿ ಪ್ರೊಸೆಸರಿನ ಬೋರ್ಡಿಗಿ ಮಾಡಿದ್ದು. ನಿಮ್ಮ ಬೋರ್ಡು ಇದಕ್ಕ ಮಾತೇ ಆಡ್ಸಂಗಿಲ್ಲ."

ಆದರೂ ತಂದು ಹಾಕಿ ನೋಡಿದೆ. ಪಟ್ಟಿ ಸಲೀಸಾಗಿ ಕೂತಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅದೇ ಸಂಸಾರ. ಬಾಷುಮಿಯಾ ನನ್ನನ್ನು ಕಳಿಸುವಾಗಲೇ ಹೇಳಿದ್ದ: "ಅದರ ಜೋಡಿ ಸುರಪುರದಾಗ ಅದಲ್ಲ. ಅಲ್ಲಿ ಕೇಳ್ರಿ."

ಈ ಮಾತನ್ನು ಹೇಳಿದಾಗ ಪರಿಮಳಾ ಟೀಚರ್ ಕಿಟಕಿಯ ಕಡೆ ತಿರುಗಿದರು. ಅಲ್ಲಿಂದ ಮಲಗಿದ ಬುದ್ಧನ ಆಕಾರದ ನಮ್ಮೂರ ಬೆಟ್ಟದ ಪಾದದ ಕಡೆ ಮಾತ್ರ ಕಾಣುತ್ತದೆ. ಅದನ್ನೇ ನೋಡುತ್ತ ಅಂದರು: "ನಾಳಿ ನೀನು ಆ ಕಡಿಂದ ಬರ್ತಿಯಲ್ಲ, ಇಸ್ಕೊಂಡು ಬಾ. ನನ್ನ ಹೆಸರು ಹೇಳಬ್ಯಾಡ."

ಹೆಸರು ಹೇಳದೆ ಇನ್ನಾರ ಹೆಸರು ಹೇಳಲಿ? ಜಗತ್ತಿನಲ್ಲಿ ಆ ಪಟ್ಟಿ ಇನ್ನಾರಿಗೆ ಬೇಕು?

ಸುರಪುರದಲ್ಲಿ ಅಂಜುಮ್ ಟೀಚರ ಮನೆ ಗುಡ್ಡದ ಇಳುಕಲಿನಲ್ಲಿದೆ. ಮರುದಿನ ಸಂಜೆ ಬಸ್ಸಿಳಿದು ಹೋದೆ. ಪಡಸಾಲೆಯ ತುಂಬ ಗಂಟು, ರಟ್ಟಿನ ಡಬ್ಬಿ. ಅವರು ನನ್ನನ್ನು ಕಂಡದ್ದೇ ಒಂದು ಗಂಟಿನ ಮೇಲೆ ಕೂರಿಸಿ, ನೀರು ಕೊಟ್ಟು, ಮೊದಲು ಕೇಳಿದ್ದು: "ಪರಿ ಹ್ಯಾಂಗ ಅದಾಳ? ಸಿಟ್ಟು ಕಮ್ಮಿ ಆಗ್ಯಾದೇನು?"

ಹದಿನಾಲ್ಕು ವರ್ಷದ 'ಆಕಿ' ಅಷ್ಟು ಸುಲಭಕ್ಕೆ 'ಪರಿ' ಆಗಿಬಿಟ್ಟಳು. ನನಗೆ ಅಳು ಬಂತು. ನೀರು ಕುಡಿದು, ಬಂದ ಕೆಲಸ ಹೇಳಿದೆ.

ಅವರು ಎದ್ದು, ಕಟ್ಟಿಟ್ಟ ಟ್ರಂಕನ್ನೇ ಬಿಚ್ಚಿದರು. ಒಳಗಿಂದ ಒಂದು ಸ್ಟೀಲಿನ ಊಟದ ಡಬ್ಬಿ ಬಂತು. ಡಬ್ಬಿಯ ಮುಚ್ಚಳದ ಮೇಲೆ ಅರಿಶಿನದ ಬೊಟ್ಟುಗಳು, ಒಂದರ ಮೇಲೊಂದು, ಹಳೆಯವು ಕಂದಿ ಹೋಗಿದ್ದವು. ಒಳಗೆ ಅದೇ ಕರವಸ್ತ್ರ, ಅದರಲ್ಲಿ ಹಸಿರು ಪಟ್ಟಿ.

"ಈ ಬೊಟ್ಟು ಯಾರು ಇಟ್ಟಾರ್ರಿ ಟೀಚರ್?"

"ಮತ್ಯಾರು? ಆಯಿ. ಪ್ರತಿ ಕಾರಹುಣ್ಣಿಮಿಗಿ ಬಸ್ಸು ಹತ್ತಿ ಬರ್ತಿದ್ಲು. 'ನಮ್ಮ ಎತ್ತು ಹ್ಯಾಂಗದ' ಅಂತ ಕೇಳಿ, ಬೊಟ್ಟು ಇಟ್ಟು, ಚಹಾ ಕುಡದು ಹೋಗ್ತಿದ್ಲು. ನಮ್ಮನಿಯವರು ಮೊದಲ ವರ್ಷ ನಕ್ಕರು, ಆಮ್ಯಾಲ ಅವರೇ ಡಬ್ಬಿ ತೆಗದು ಇಡ್ತಿದ್ರು. ಹ್ವಾದ ವರ್ಷ ಬರಲಿಲ್ಲ. ಸತ್ತಳು ಅಂತ ಸುದ್ದಿ ಬಂತು."

ಆಯಿ ಇಲ್ಲಿಗೆ ಬರುತ್ತಿದ್ದದ್ದು ಶಹಾಪುರದಲ್ಲಿ ಒಂದು ಪಿಳ್ಳೆಗೂ ಗೊತ್ತಿರಲಿಲ್ಲ.

"ಒಮ್ಮಿ ಕೇಳಿದೆ, ಆಯಿ, ಇದು ನನಗ್ಯಾಕ ಕೊಟ್ಟಿ ಅಂತ. ಏನಂದ್ಲು ಗೊತ್ತೇನು? ಅಣ್ಣತಮ್ಮರು ಬ್ಯಾರೆ ಆದಾಗ ಒಬ್ಬಗ ಜೋಡೆತ್ತು ಕೊಟ್ಟು ಇನ್ನೊಬ್ಬಗ ರೊಕ್ಕ ಕೊಟ್ರ ಅಲ್ಲಿಗೇ ಮುಗೀತು, ಮುಖ ನೋಡಂಗಿಲ್ಲ. ಒಂದೊಂದು ಎತ್ತು ಕೊಟ್ರ ಬಿತ್ತೋ ಕಾಲಕ್ಕ ಒಬ್ಬರ ಮನಿಗಿ ಒಬ್ಬರು ಬರಲೇಬೇಕು. ಅದಕ್ಕೇ ಕೊಟ್ಟೀನಿ, ಕಾಯ್ಕೊಂಡಿರು, ಬರ್ತಾಳ ಅಂದ್ಲು." ಅವರು ಡಬ್ಬಿ ಮುಚ್ಚಿದರು. "ಕಾಯ್ದೆ. ನಿಮ್ಮ ಟೀಚರ್ ಕುಂಟಿಕೋತ ಹೊಲಾ ಬಿತ್ತಿದ್ಲು, ಕೇಳಾಕ ಮಾತ್ರ ಬರಲಿಲ್ಲ."

"ಈಗ ಕೇಳ್ಯಾರಲ್ರಿ."

"ನಿನ್ನ ಕಳಸ್ಯಾಳ. ಎತ್ತು ಆಳಿನ ಕೈಯಾಗ ಕಳಸಬ್ಯಾಡ ಅಂತ ಆಯಿ ಹೇಳ್ಯಾಳ. ಬೇಕಾದಾಕಿ ತಾನೇ ಬರಬೇಕು, ಬರಿಗೈಲೆ ಬರಬಾರ್ದು, ಒಂದು ಹಿಡಿ ಮೇವು ತರಬೇಕು. ಹೋಗಿ ಹೇಳು."

ಹೇಳಿದೆ. ಪರಿಮಳಾ ಟೀಚರ್ ಕೈಯಲ್ಲಿದ್ದ ಲಟ್ಟಣಿಗೆಯನ್ನು ಟಪ್ ಎಂದು ಕೆಳಗಿಟ್ಟರು.

"ಆಕಿ ಗರ್ವ ನೋಡು! ಮೇವು ಬೇಕಂತ, ಮೇವು! ಇಟ್ಕೊಳ್ಳಲಿ ಆಕಿ ಎತ್ತು, ಹೈದರಾಬಾದಿನಾಗ ಹೊಲಾ ಉಳಲಿ!"

ನಾನು ಬೈಗುಳ ಮುಗಿಯುವವರೆಗೆ ಕಾದು, ಆಯಿ ವರ್ಷವರ್ಷವೂ ಅಲ್ಲಿಗೆ ಹೋಗುತ್ತಿದ್ದ ಮಾತು ಹೇಳಿದೆ. ಅವರು ಹಿಟ್ಟಿನ ಕೈಯಲ್ಲೇ ಹೋಗಿ ಮಶೀನಿನ ಮುಂದೆ ನಿಂತರು. ಅದರ ಮೂಲೆಯಲ್ಲೂ ಒಂದರ ಮೇಲೊಂದು ಅರಿಶಿನದ ಬೊಟ್ಟುಗಳಿದ್ದವು.

"ಇಲ್ಲಿಗಿ ಅದೇ ದಿನ ಮುಂಜಾನಿ ಬರ್ತಿದ್ಲು," ಎಂದರು. "'ಇನ್ನೊಂದು ಎತ್ತು ಎಲ್ಲವ್ವ' ಅಂತಿದ್ಲು ನನಗ. ನಾ ಮಾತು ಬದಲಸ್ತಿದ್ದೆ." ಆಮೇಲೆ ಬಹಳ ಸಣ್ಣ ದನಿಯಲ್ಲಿ, "ರವಿವಾರ ಲಾರಿ ಎಷ್ಟೊತ್ತಿಗಿ?"

"ಮಧ್ಯಾಹ್ನಕ್ಕಂತ್ರಿ."

ರವಿವಾರ ಬೆಳಿಗ್ಗೆಯ ಬಸ್ಸಿಗೆ ಹೊರಟೆವು. ಸಿಪಿಯು ಹಳೆಯ ಕೌದಿಯಲ್ಲಿ ಸುತ್ತಿ ಟೀಚರ ತೊಡೆಯ ಮೇಲೆ, ಮಾನಿಟರು ನನ್ನ ತೊಡೆಯ ಮೇಲೆ, ಕೀಬೋರ್ಡು ಚೀಲದಲ್ಲಿ. ಹೊರಡುವ ಮುನ್ನ ಟೀಚರ್ ಎಲ್ಲಿಗೋ ಹೋಗಿ ಬಿಳಿ ಬಟ್ಟೆಯ ಒಂದು ಗಂಟು ತಂದಿದ್ದರು. ಕಂಡಕ್ಟರ್ ಬಂದು ಕೌದಿ ಮುಟ್ಟಿ ನೋಡಿದ.

"ಏನದ ಅಕ್ಕಾ ಇದರಾಗ?"

"ಎತ್ತು."

"ಎತ್ತಿಗಿ ಫುಲ್ ಟಿಕೀಟ್ ಆಗ್ತದ ನೋಡ್ರಿ," ಎಂದ ಅವನು. ಬಸ್ಸೆಲ್ಲ ನಕ್ಕಿತು. ಟೀಚರ್ ನಗಲಿಲ್ಲ, ಬೈಯಲೂ ಇಲ್ಲ. ಅವರು ಬೈಯದೆ ಕೂತದ್ದು ನೋಡಿ ನನಗೆ ದಿಗಿಲಾಯಿತು.

ನಾವು ಇಳುಕಲು ಹತ್ತುವಾಗಲೇ ಲಾರಿ ಕಂಡಿತು. ಹೇಳಿದ್ದಕ್ಕಿಂತ ಮುಂಚೆ ಬಂದು ಅರ್ಧ ತುಂಬಿಯೂ ಆಗಿತ್ತು. ಪರಿಮಳಾ ಟೀಚರ್ ಆ ಭಾರ ಎತ್ತಿಕೊಂಡು ಓಡಿದರು. ಬಾಗಿಲಲ್ಲಿ ಅಂಜುಮ್ ಟೀಚರ್ ಹಂಡೆ ಹಿಡಿದು ನಿಂತಿದ್ದರು. ಇಬ್ಬರ ಕೂದಲೂ ಬೆಳ್ಳಗಾಗಿದ್ದನ್ನು ಇಬ್ಬರೂ ನೋಡಿದರು. ಏದುಸಿರಿನಲ್ಲೇ ಪರಿಮಳಾ ಟೀಚರ್ ಹೇಳಿದರು:

"ಅಂಜು, ನಮ್ಮ ಮಶೀನ್ ಚಾಲೂ ಆಗವಲ್ದು."

ಅಂಜುಮ್ ಟೀಚರ್ ಹಂಡೆ ಕೆಳಗಿಟ್ಟರು. ಆ 'ನಮ್ಮ' ಅನ್ನುವುದನ್ನು ಕೇಳಿಸಿಕೊಂಡರು, ನನಗೆ ಗೊತ್ತು. ಆದರೂ ಅಷ್ಟಕ್ಕೆ ಬಿಡುವ ಹೆಂಗಸೇ ಅದು?

"ಮೇವು?"

ಪರಿಮಳಾ ಟೀಚರ್ ಬಿಳಿ ಗಂಟು ಮುಂದೆ ಹಿಡಿದರು. ಬಿಚ್ಚಿದರೆ ಸೀತನಿ, ಒಂದು ಮೂಲೆಯಲ್ಲಿ ಶೇಂಗಾ ಹಿಂಡಿ. ಹೊಗೆಯ ವಾಸನೆ ಇನ್ನೂ ಇತ್ತು. ಅಂಜುಮ್ ಟೀಚರ್ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿಯುತ್ತ ಅಗಿಯುತ್ತ ಅತ್ತರು.

ಲಾರಿಯವನಿಗೆ ಸ್ವಲ್ಪ ತಾಳಪ್ಪಾ ಎಂದು ಹೇಳಿ, ಖಾಲಿಯಾದ ಪಡಸಾಲೆಯಲ್ಲಿ ನೆಲದ ಮೇಲೆಯೇ ಮಶೀನ್ ಹೂಡಿದೆವು. ಅಂಜುಮ್ ಟೀಚರ್ ಮಶೀನಿನೊಳಗಿನ ಪಟ್ಟಿ ತೆಗೆದು, ಸ್ಟೀಲಿನ ಡಬ್ಬಿಯ ಪಟ್ಟಿ ಕೂಡಿಸಿದರು. ಈ ಸಲ ಕಚ್ಚನ್ನು ಮೂರು ಸಲ ನೋಡಿದರು. ಗುಂಡಿ ಒತ್ತಿದಾಗ ಒಂದೇ ಒಂದು ಬೀಪ್, ಆಮೇಲೆ ಪರದೆ ಬೆಳಗಿತು. ಕರವಸ್ತ್ರದಲ್ಲಿ ಮಲಗಿದ್ದ ಎತ್ತು ಅಷ್ಟು ವರ್ಷದ ಮೇಲೆ ಎದ್ದು ನಿಂತಿತು.

ನಾನು ಚಪ್ಪಾಳೆ ತಟ್ಟಿದೆ. ಅಂಜುಮ್ ಟೀಚರ್ ಮಾತ್ರ ತೆಗೆದಿಟ್ಟ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಪರಿ, ಇದಕ್ಕ ರಬ್ಬರ್ ಹಚ್ಚೀಯೇನು?"

ಪರಿಮಳಾ ಟೀಚರ್ ಕೌದಿ ಮಡಿಸತೊಡಗಿದರು. ಹಲ್ಲುಗಳು ಮಸಿಯ ಹಾಗೆ ಕಪ್ಪಾಗಿದ್ದವು. ರಬ್ಬರ್ ಕಂಡು ಯಾವ ಕಾಲವಾಯಿತೋ. ಅಂಜುಮ್ ಟೀಚರ್ ನನ್ನ ಚೀಲದಿಂದ ರಬ್ಬರ್ ಇಸಿದುಕೊಂಡು, ಮಶೀನ್ ಆರಿಸಿ, ಆ ಪಟ್ಟಿಯನ್ನು ಎರಡೂ ಬದಿ ಉಜ್ಜಿದರು. ತಾವೇ ಮುರಿದ ಲಾಕಿನ ಜಾಗದಲ್ಲಿ ಕೂಡಿಸಿ, ದಾರ ಸುತ್ತಿ ಬಿಗಿದರು. ಮತ್ತೆ ಗುಂಡಿ ಒತ್ತಿದರು. ಮಶೀನ್ ಎರಡೂ ಪಟ್ಟಿಗಳನ್ನು ಎಣಿಸಿ ತೋರಿಸಿತು.

ಸತ್ತಿರಲೇ ಇಲ್ಲ ಅದು. ಓಣಿಯ ಹೆಣ್ಣುಮಕ್ಕಳಿಗೆಲ್ಲ ರಬ್ಬರಿನ ಪಾಠ ಹೇಳಿದ ಟೀಚರಿಗೆ ಅದು ಗೊತ್ತಿರಲಿಲ್ಲವೇ? ನಾನು ಅವರ ಕಡೆ ತಿರುಗಿದೆ. ಯಾದಗಿರಿಗೆ ಅಲೆದದ್ದು ನಾನು, ಬಾಷುಮಿಯಾನ ಡಬ್ಬಿ ಕೆದಕಿಸಿದ್ದು ನಾನು. ಸಿಟ್ಟು ಮಾಡುವ ಸರದಿ ನನ್ನದಾಗಿತ್ತು, ಆದರೆ ಅವರ ಮುಖ ನೋಡಿ ಆಗಲಿಲ್ಲ.

"ಏನು ಮಾಡ್ಲಿ?" ಎಂದರು ಪರಿಮಳಾ ಟೀಚರ್ ನೆಲ ನೋಡುತ್ತ. "ಸುಮ್ಮ ಬಂದು ಬಾಗಿಲಾಗ ನಿಂದ್ರಾಕ ನನಗ ಬರಂಗಿಲ್ಲ ಅಂಜು. ಬೀಪ್ ಅಂತು. ರಬ್ಬರ್ ಕೈಯಾಗೇ ಇತ್ತು. ಇಟ್ಟುಬಿಟ್ಟೆ. ನೀ ಹೊಂಟಿದ್ದಿ. ನನಗ ನೀ ಬೇಕಾಗಿದ್ದಿ."

ಅವರ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಅಂಜುಮ್ ಟೀಚರ್ ತಮ್ಮ ಪಾಲಿನ ಕೀಬೋರ್ಡನ್ನೂ ಗಂಟಿನಿಂದ ಹಿರಿದು ಮಶೀನಿಗೆ ಸಿಕ್ಕಿಸಿದರು. ಇಬ್ಬರೂ ಅಕ್ಕಪಕ್ಕ ಕೂತು ಒಟ್ಟಿಗೇ ತಮ್ಮ ತಮ್ಮ ಹೆಸರು ಒತ್ತಿದರು. ಪರದೆಯ ಮೇಲೆ ಬಂದದ್ದನ್ನು ಓದಲು ಯಾರಿಂದಲೂ ಆಗುತ್ತಿರಲಿಲ್ಲ. ಲಾರಿಯವನು ಹಾರನ್ ಹೊಡೆಯುವವರೆಗೂ ಇಬ್ಬರೂ ನಗುತ್ತಿದ್ದರು.

ಹೊರಡುವ ಹೊತ್ತಿಗೆ ಅಂಜುಮ್ ಟೀಚರ್ ಬಾಗಿ, ದಾರ ಬಿಚ್ಚಿ, ಒಂದು ಪಟ್ಟಿ ಹೊರಗೆಳೆದರು. ಅದು ಪರಿಮಳಾ ಟೀಚರ ಪಟ್ಟಿ, ಈಗಷ್ಟೇ ಉಜ್ಜಿದ್ದು. ಕರವಸ್ತ್ರದಲ್ಲಿ ಸುತ್ತಿ ಸ್ಟೀಲಿನ ಡಬ್ಬಿಗೆ ಹಾಕಿದರು.

"ಅರೇ, ಅದ್ಯಾಕ ತೆಗದಿ? ಈಗಷ್ಟೇ ಜೋಡಿ ಆಗಿತ್ತು. ನಿನಗಲ್ಲಿ ಏನು ಉಪಯೋಗ?"

"ನನಗೇನೂ ಇಲ್ಲ." ಅವರು ಮುಚ್ಚಳ ಒತ್ತಿದರು. "ಕಾರಹುಣ್ಣಿಮಿಗಿ ನಿನಗ ಬೇಕಾಗ್ತದ. ಬಂದು ಇಸ್ಕೋ."

ಪರಿಮಳಾ ಟೀಚರ್ ಜಗಳ ಆಡಲಿಲ್ಲ. ಡಬ್ಬಿ ಇಸಿದುಕೊಂಡು, ಬೊಟ್ಟುಗಳ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿ, ತಿರುಗಿ ಗೆಳತಿಯ ಕೈಗೇ ಕೊಟ್ಟರು. ಲಾರಿ ಇಳುಕಲಿಳಿದು ತಿರುವಿನಲ್ಲಿ ಮರೆಯಾಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಕೌದಿ ಸುತ್ತಿದ ಮಶೀನು ಮತ್ತೆ ಅವರ ತೊಡೆಯ ಮೇಲಿತ್ತು. ಶಹಾಪುರ ಹತ್ತಿರ ಬಂತು. ಬೆಟ್ಟ ಕಾಣಿಸಿದಾಗ ನನ್ನ ಕಡೆ ತಿರುಗಿ, ಬಹಳ ದೊಡ್ಡ ಚಿಂತೆ ಬಂದವರ ಹಾಗೆ ಕೇಳಿದರು:

"ಮಿತ್ರಾ, ಕಾರಹುಣ್ಣಿಮಿ ಹೊತ್ತಿಗಿ ಸೀತನಿ ಎಲ್ಲೂ ಸಿಗಂಗಿಲ್ಲಲ್ಲ. ಆಕಿಗಿ ಏನು ಒಯ್ಯೋದು?"